ಪಕ್ಕದ ಸೀಟಿಗೊಂದು ಹಾರ್ನ್

ಎಡಕ್ಕೆ ತಿರುಗಿದ ಕೂಡಲೇ ಆ ಹಳೆಯ ಕಾರು ಕೂಗತೊಡಗಿತು. ಗ್ಯಾರೇಜಿನ ಬಾಗಿಲಿಗೆ ಬಂದು ನಿಂತರೂ ಬಾಯಿ ಮುಚ್ಚಲಿಲ್ಲ!

ಒಳಗೆ ಕೂತವನ ಮುಖ ನೋಡಬೇಕಿತ್ತು. ನೆಲ ಬಾಯಿಬಿಟ್ಟರೆ ಕಾರಿನ ಸಮೇತ ಇಳಿದುಹೋಗುತ್ತೇನೆ ಅನ್ನುವ ಹಾಗಿದ್ದ.

ಗ್ಯಾರೇಜಿನೊಳಗಿಂದ ಅವಳು ಓಡಿಬಂದು ಬಾನೆಟ್ ಎತ್ತಿ, ಹಾರ್ನಿನ ವೈರನ್ನು ಒಂದೇ ಸಲಕ್ಕೆ ಎಳೆದು ಬಿಡಿಸಿದಳು. ಸದ್ದು ನಿಂತಿತು.

“ಉಸಿರು ಬಿಡಿ ಸಾರ್, ಆಯ್ತು.”

“ನಾನು ಒತ್ತಲೇ ಇಲ್ಲ... ನಿಜವಾಗ್ಲೂ! ನಾನು ಯಾವತ್ತೂ ಹಾರ್ನ್ ಒತ್ತಲ್ಲ.”

ಯಾವತ್ತೂ ಒತ್ತಲ್ವಾ? ಕಾರು ಓಡಿಸೋರಲ್ಲಿ ಇಂಥವರೂ ಇರ್ತಾರಾ? ಅವಳು ಅವನನ್ನು ಇನ್ನೊಮ್ಮೆ ಸರಿಯಾಗಿ ನೋಡಿದಳು. ತಪ್ಪಾಗಿದ್ದೇ ಅಲ್ಲಿ!

ಆ ಗ್ಯಾರೇಜು ಅವಳ ಸೋದರಮಾವನದು. ಹನ್ನೊಂದು ವರ್ಷದಿಂದ ಅಲ್ಲಿನ ವೈರಿಂಗ್ ಕೆಲಸವೆಲ್ಲ ಅವಳದೇ. ಅವಳು ಮುಟ್ಟಿ ಕಳಿಸಿದ ಗಾಡಿ ಸರಿಯಾಗಿಲ್ಲ ಅಂತ ವಾಪಸ್ ಬಂದದ್ದಿಲ್ಲ. ಮಾವ ಅವಳನ್ನು ‘ಇಂಜಿನಿಯರಮ್ಮ’ ಅನ್ನುತ್ತಿದ್ದದ್ದು ಅರ್ಧ ತಮಾಷೆಗೆ, ಅರ್ಧ ಹೆಮ್ಮೆಗೆ. ಬಂದವನಿಗೆ ಗ್ರಂಥಾಲಯದಲ್ಲಿ ಕೆಲಸ. ಸಂಜೆಯೊಳಗೆ ಮಾವ ಅವನಿಗೂ ‘ಲೈಬ್ರರಿ’ ಅಂತ ಹೆಸರಿಟ್ಟಾಗಿತ್ತು.

ಅವನ ಕಾರಿನ ಸ್ಟೀರಿಂಗ್ ಚಕ್ರ ಬಿರುಕುಬಿಟ್ಟು ಅಂಗೈ ಗೀರುತ್ತಿತ್ತು. ಥೇಟ್ ಅಂಥದ್ದೇ ಇನ್ನೊಂದನ್ನು ಎಂಟು ತಿಂಗಳು ಹುಡುಕಿ, ಹಳೆಯ ಕಂಬಳಿಯಲ್ಲಿ ಸುತ್ತಿ ತಂದಿದ್ದ.

“ಇದನ್ನ ಹಾಕ್ಬೇಕು. ಹಾರ್ನಿಗೆ ಹೊಸ ವೈರು. ಮತ್ತೆ... ಇನ್ನೊಂದು ಹಾರ್ನ್ ಬಟನ್ ಬೇಕಿತ್ತು.”

“ಎಲ್ಲಿಗೆ?”

“ಪಕ್ಕದ ಸೀಟಿನ ಮುಂದೆ. ಕೈ ಎತ್ತದೇ ಸಿಗೋ ಹಾಗೆ.”

“ಪಕ್ಕದಲ್ಲಿ ಕೂತೋರಿಗೆ ಹಾರ್ನ್ ಯಾಕೆ ಸಾರ್?”

ಅವನ ಕಿವಿ ಕೆಂಪಾಯಿತು. “ಅದೊಂದು ದೊಡ್ಡ ಕಥೆ...”

ಅಷ್ಟು ಹೇಳಿ ಕಂಬಳಿ ಮಡಚತೊಡಗಿದ. ಅವಳ ತಲೆಗೆ ಹುಳ ಬಿಟ್ಟಂತಾಯಿತು. ಯಾರು ಕೂರ್ತಾರೆ ಆ ಸೀಟಲ್ಲಿ?

ಮೂರು ದಿನ ಅವನು ಕೆಲಸ ಮುಗಿಸಿ ನೇರ ಗ್ಯಾರೇಜಿಗೇ ಬಂದ. ಟೈರಿನ ಮೇಲೆ ಕೂತು ನೋಡುತ್ತಿದ್ದ, ಕೇಳುತ್ತಿದ್ದ.

“ಬಟನ್ ಒತ್ತಿದ್ರೆ ಹಾರ್ನಿಗೆ ಕರೆಂಟ್ ಹೋಗುತ್ತಲ್ವಾ?”

“ಇಲ್ಲ. ಕರೆಂಟ್ ಹಾರ್ನಿನ ಹತ್ರ ಯಾವಾಗ್ಲೂ ಇರುತ್ತೆ. ಬಟನ್ ಒತ್ತಿದಾಗ ಈ ವೈರು ಗಾಡಿಯ ಮೈಗೆ ತಾಗುತ್ತೆ, ಆಗ ಕೂಗುತ್ತೆ. ನಿಮ್ಮದು ಒಳಗೇ ಸವೆದುಹೋಗಿತ್ತು, ತಿರುಗಿಸಿದಾಗೆಲ್ಲ ತಾನೇ ತಾಗ್ತಿತ್ತು.”

“ಅಬ್ಬಾ, ಇಷ್ಟೇನಾ! ನೀವು ಹೇಳಿದ್ರೆ ಎಲ್ಲಾ ಸುಲಭ ಅನ್ಸುತ್ತೆ.”

ಅವಳು ಬಾನೆಟ್ಟಿನೊಳಗೆ ತಲೆ ತೂರಿಸಿದಳು. ನಗು ಬಚ್ಚಿಡಲು ಬೇರೆ ಜಾಗ ಇರಲಿಲ್ಲ. ಮನಸ್ಸು ಆಗಲೇ ಜಾರಿತ್ತು. ಆದರೆ ಆ ಎರಡನೇ ಬಟನ್! ಅದು ಯಾರಿಗೆ ಅಂತ ತಿಳಿಯದೆ ಅವಳಿಗೆ ಸಮಾಧಾನವಿಲ್ಲ.

ಮೂರನೇ ದಿನ ಹಳೆಯ ಚಕ್ರ ಬಿಚ್ಚುವ ಕೆಲಸ. ಬ್ಯಾಟರಿ ವೈರು ತೆಗೆದು, ನಡುವಿನ ದೊಡ್ಡ ನಟ್ ಸಡಿಲಿಸಿದಳು. ಚಕ್ರ ಎಳೆಯುವ ಮೊದಲು, ಅದು ಕೂತಿರುವ ಶಾಫ್ಟಿನ ಹಲ್ಲಿನ ಮೇಲೆ ಗುರುತು ಹಾಕಬೇಕು. ಇಲ್ಲದಿದ್ದರೆ ಹೊಸ ಚಕ್ರ ಸೊಟ್ಟ ಕೂರುತ್ತದೆ. ಸೀಮೆಸುಣ್ಣದ ಕಡ್ಡಿ ಕೈಗೆತ್ತಿಕೊಂಡದ್ದಷ್ಟೇ, ಹೊರಗೆ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಹೂಂ, ನಿಂಗೆ ಬೇಕಾದ ಕಡೆಗೇ ಇಡಿಸ್ತಿದ್ದೀನಿ... ನೀನು ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು, ನಂಗೆ ಅದೇ ಧೈರ್ಯ.”

ಅವಳ ಕಣ್ಣು ಮಂಜಾಯಿತು.

ಹೆಂಡ್ತಿ ಇದ್ದಾಳೆ... ಇದ್ದೇ ಇರ್ತಾಳೆ! ನಿನ್ನ ಹುಚ್ಚಿಗೆ ಏನು ಹೇಳೋಣ, ಮಾರಾಯ್ತಿ!

ಆಮೇಲೆ ಕೈ ಏನು ಮಾಡಿತೋ ಅವಳಿಗೇ ಗೊತ್ತಿಲ್ಲ. ಹಳೆಯದನ್ನು ಎಳೆದಳು, ಹೊಸದನ್ನು ಕೂರಿಸಿದಳು, ನಟ್ ಬಿಗಿದಳು. ಬ್ಯಾಟರಿ ವೈರು ಮತ್ತೆ ಸೇರಿಸಿ, ಎರಡೂ ಬಟನ್ ಒತ್ತಿ ನೋಡಿದಳು. ಹಾರ್ನ್ ಚೆನ್ನಾಗಿ ಕೂಗಿತು.

“ಒಂದು ರೌಂಡ್ ಹೋಗಿ ನೋಡೋಣ್ವಾ? ನೀವೂ ಬನ್ನಿ,” ಎಂದ ಅವನು, ಮುಖ ಅರಳಿಸಿಕೊಂಡು.

ಆ ಸೀಟಿನಲ್ಲಿ? ಅವಳಿಂದಾಗದು.

“ಬೇಡ. ಎಲ್ಲಾ ಸರಿಯಿದೆ. ಇನ್ನು ನೀವು ಬರೋ ಅಗತ್ಯ ಇಲ್ಲ.”

ಮುಖಕ್ಕೆ ಹೊಡೆದ ಹಾಗಿತ್ತು ಆ ಮಾತು. ಅವನ ನಗು ಆರಿತು. ಕಾರು ಹತ್ತಿ ಹೊರಟುಹೋದ.

“ಏನಮ್ಮಾ ಇಂಜಿನಿಯರಮ್ಮ, ರೌಂಡ್ ಹೋಗದೆ ಗಾಡಿ ಕಳಿಸಿದ್ದು ಇದೇ ಮೊದಲು,” ಎಂದರು ಮಾವ. ಅವಳು ಸ್ಪ್ಯಾನರ್ ಒರೆಸತೊಡಗಿದಳು.

ಹತ್ತು ದಿನ ಕಳೆಯಿತು. ಹನ್ನೊಂದನೇ ದಿನ ಬಲ್ಬ್ ತರಲು ಹೋಗಿದ್ದಾಗ ಸಿಗ್ನಲ್ ಕಡೆಗೆ ಅದೇ ಕಾರು ಬರುತ್ತಿತ್ತು. ರಸ್ತೆ ನೇರವಾಗಿತ್ತು, ಕಾರೂ ನೇರವಾಗಿತ್ತು. ಸ್ಟೀರಿಂಗ್ ಮಾತ್ರ ಸೊಟ್ಟ! ಅವನು ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು ಹೇಗೋ ಸಂಭಾಳಿಸುತ್ತಿದ್ದ.

ಗುರುತು... ಅಯ್ಯೋ! ನಾನು ಗುರುತೇ ಹಾಕಲಿಲ್ಲ!

ನಾಚಿಕೆ, ಹೆದರಿಕೆ ಎಲ್ಲ ಮರೆತು ಓಡಿದಳು. ನಿಂತ ಕಾರಿನ ಕಿಟಕಿ ತಟ್ಟಿದಳು.

ಪಕ್ಕದ ಸೀಟಿನಲ್ಲಿದ್ದವರು ನೆರೆಗೂದಲಿನ ಒಬ್ಬ ಹೆಂಗಸು. ಬಲಭುಜಕ್ಕೆ ಪಟ್ಟಿ ಕಟ್ಟಿತ್ತು. ಮೂಗು ಥೇಟ್ ಅವನದೇ.

“ವೈರಿಂಗ್ ಹುಡುಗಿ ನೀನೇನಾ? ಬಾ ತಾಯಿ, ಹಿಂದೆ ಹತ್ತು. ಚಕ್ರ ಸೊಟ್ಟ ಇದೆ, ಹೋಗಿ ಹೇಳೋ ಅಂತ ಹತ್ತು ದಿನದಿಂದ ಬಡ್ಕೋತಿದ್ದೀನಿ. ಅವರಿಗೆ ಬೇಜಾರಾಗುತ್ತಮ್ಮ ಅಂತಾನೆ!”

“ಅಮ್ಮಾ...” ಎಂದ ಅವನು ಸಣ್ಣ ದನಿಯಲ್ಲಿ.

“ಏನು ಅಮ್ಮ? ಇವರಪ್ಪನೂ ಹೀಗೇ ಕಣಮ್ಮ, ಹಾರ್ನ್ ಹೊಡೆಯೋಕೂ ಸಂಕೋಚ. ನಲವತ್ತು ವರ್ಷ ನಾನೇ ಪಕ್ಕದಿಂದ ಕೈ ಹಾಕಿ ಹೊಡೀತಿದ್ದೆ. ಈಗ ಭುಜ ಎತ್ತೋಕಾಗಲ್ಲ, ಅದಕ್ಕೆ ಈ ಬಟನ್ನು.”

ಹಿಂದಿನ ಸೀಟಿನಲ್ಲಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗ್ಯಾರೇಜಿಗೆ ಬಂದೊಡನೆ ಮಾವ ಅವನ ಅಮ್ಮನಿಗೆ ಕುರ್ಚಿ ಹಾಕಿ ಮಾತಿಗೆ ಕೂತರು. ಅವಳು ಮುಂದಿನ ಚಕ್ರಗಳನ್ನು ನೇರ ನಿಲ್ಲಿಸಿ, ಸ್ಟೀರಿಂಗ್ ಎಳೆದು, ಒಂದು ಹಲ್ಲು ಸರಿಸಿ ಕೂರಿಸಿದಳು. ಈ ಸಲ ಗುರುತನ್ನೂ ಹಾಕಿದಳು. ಅವನು ಪಕ್ಕದಲ್ಲೇ ನಿಂತಿದ್ದ.

“ಹನ್ನೊಂದು ವರ್ಷದಲ್ಲಿ ನಿಮ್ಮಿಂದ ಒಂದೂ ತಪ್ಪಾಗಿಲ್ಲ ಅಂತ ನಿಮ್ಮ ಮಾವ ಹೇಳ್ತಿದ್ರು. ನನ್ನ ಗಾಡಿಗೇ ಯಾಕಾಯ್ತು?”

ಅವಳ ಕೈ ನಿಂತಿತು. ಏನಾದರೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಕೆಲಸದ ವಿಷಯದಲ್ಲಿ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ.

“ನಿಮ್ಮ ಫೋನ್ ಮಾತು ಕೇಳಿಸ್ಕೊಂಡೆ. ಹೆಂಡ್ತಿ ಹತ್ರ ಮಾತಾಡ್ತಿದ್ದೀರಿ ಅನ್ಕೊಂಡೆ...”

“ಅನ್ಕೊಂಡ್ರೆ?”

“ಅಳು ಬಂತು. ಕಣ್ಣು ಮಂಜಾಯ್ತು. ಗುರುತು ಹಾಕೋದು ಮರೆತೆ. ಸಾಕಾ?”

ಅವನು ಒಂದು ಹೆಜ್ಜೆ ಹತ್ತಿರ ಬಂದ.

“ನಾನೂ ಒಂದು ನಿಜ ಹೇಳ್ಲಾ? ಸೊಟ್ಟ ಅಂತ ಮೊದಲನೇ ದಿನವೇ ಗೊತ್ತಾಯ್ತು. ಬರೋ ಅಗತ್ಯ ಇಲ್ಲ ಅಂದಿದ್ರಲ್ಲ, ಇದನ್ನೂ ಸರಿ ಮಾಡಿಸಿಬಿಟ್ರೆ ಮತ್ತೆ ಬರೋಕೆ ನನ್ನ ಹತ್ರ ಒಂದು ನೆಪಾನೂ ಉಳೀತಿರಲಿಲ್ಲ. ಧೈರ್ಯ ಬರೋವರೆಗೂ ಹಾಗೇ ಇಟ್ಕೊಂಡಿದ್ದೆ.”

ಅವಳ ಕಣ್ಣು ತುಂಬಿತು. ಗ್ರೀಸ್ ಕೈಯಲ್ಲೇ ಒರೆಸಿಕೊಳ್ಳಹೋದಾಗ ಅವನು ಆ ಕೈ ಹಿಡಿದುಕೊಂಡ.

“ಬಂತಾ ಧೈರ್ಯ?” ಕೇಳಿದಳು.

“ಇನ್ನೂ ಇಲ್ಲ... ಆದ್ರೂ ಕೇಳ್ತಿದ್ದೀನಿ. ನನ್ನನ್ನ ಮದುವೆ ಆಗ್ತೀರಾ?”

“ಕೈ ಮಸಿಯಾಗುತ್ತೆ, ಬಿಡಿ.”

“ಉತ್ತರ ಹೇಳಿ, ಬಿಡ್ತೀನಿ.”

“ಹಾಗಾದ್ರೆ ಬಿಡಬೇಡಿ.”