ಚಿಗಳಿ ಕಂಪನಿಯ ಕೆಂಪು ಚೇರು

ಹುಣಸೆಹಣ್ಣಿನ ಚಿಗಳಿ ಕಡ್ಡಿಯಿಂದ ಜಾರಿ ಪ್ರಮೀಳಾ ಚಿಕ್ಕಮ್ಮನ ಸ್ಕೂಟರ್ ಸೀಟಿನ ಮೇಲೆ ತೊಪ್ಪನೆ ಬಿತ್ತು.

"ಇದೇನೇ ರಂಜಿ, ಚಿಗಳಿನೋ ಗೊಜ್ಜೋ?" ಚಿಕ್ಕಮ್ಮ ಬೆರಳಲ್ಲಿ ಒರೆಸಿ ನೆಕ್ಕಿ ನೋಡಿದರು. "ರುಚಿ ಏನೋ ಚೆನ್ನಾಗೈತೆ."

"ಬಿಸ್ಲಿಗೆ ಅಂಗಾಗೈತೆ ಚಿಕ್ಕಮ್ಮ. ಸ್ಕೂಲಿಗೆ ಓಗೋ ಒತ್ಗೆ ಗಟ್ಟಿಯಾಯ್ತದೆ," ಎಂದಳು ರಂಜಿತ.

ಬೆಳಗ್ಗೆ ಎಂಟು ಗಂಟೆಗೆ ಎಲ್ಲಿಯ ಬಿಸಿಲು? ಸುಳ್ಳು ಹೇಳುವಾಗಲೂ ಈ ಹುಡುಗಿಯ ಧೈರ್ಯಕ್ಕೇನೂ ಕಡಿಮೆಯಿಲ್ಲ.

ಪಾಂಡವಪುರದ ಅವಳ ಶಾಲೆಯಲ್ಲಿ ಅವತ್ತು ಮಕ್ಕಳ ಸಂತೆ. ಮಕ್ಕಳೇ ತರಕಾರಿ, ಹಣ್ಣು, ತಿಂಡಿ ತಂದು ಮೈದಾನದಲ್ಲಿ ಅಂಗಡಿ ಇಡುತ್ತಾರೆ. ಆದರೆ ಐದನೇ ಕ್ಲಾಸಿನ ರಂಜಿತ ಇಟ್ಟಿದ್ದು ಅಂಗಡಿಯಲ್ಲ, ಕಂಪನಿ. ಚಿಕ್ಕಮ್ಮನಿಗೆ ಬೆಲ್ಲದ ಪುಡಿಯ ಕಂಪನಿ ಇದೆ. ಅವರು ಫೋನಿನಲ್ಲಿ "ನಮ್ ಸ್ಟಾರ್ಟಪ್ಪು" ಎನ್ನುವುದನ್ನು ಕೇಳಿ ಕೇಳಿ, ತನಗೂ ಒಂದು ಇರಲಿ ಎಂದು ಶುರು ಮಾಡಿದ್ದಳು.

ಕಂಪನಿಯಲ್ಲಿ ಇದ್ದದ್ದು ಇಬ್ಬರೇ, ರಂಜಿತ ಮತ್ತು ಅವಳ ಗೆಳತಿ ಕಹಕಶಾನ್. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು ಎಲ್ಲ ಸೇರಿಸಿ ರಂಜಿತಳ ಹಿತ್ತಲಿನ ಒರಳಲ್ಲಿ ಕುಟ್ಟುವವಳು ಕಹಕಶಾನ್. ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿ, ಊಟದ ಬೆಲ್ಲಿನಲ್ಲಿ ಮಾತಾಡಿ ಮಾರುವವಳು ರಂಜಿತ. ಮಾತಿಗೇನು, ಅವಳ ಬಾಯಿ ಬೊಂಬಾಯಿ. ತಂದ ಚಿಗಳಿಯೆಲ್ಲ ದಿನವೂ ಖಾಲಿಯಾಗುತ್ತಿತ್ತು.

ಕೆಟ್ಟಿದ್ದು ನಿನ್ನೆ ಸಂಜೆ.

"ಸಂತೆಗೆ ಸುಮಾರ್ ಬೇಕು ಕಣೆ. ಒರಳಲ್ಲಿ ಕುಟ್ತಾ ಕೂತ್ರೆ ಮುಗಿಯಾಕಿಲ್ಲ. ಮಿಕ್ಸೀಗೆ ಆಕ್ಬುಡಾವ," ಎಂದಿದ್ದಳು ರಂಜಿತ.

"ನೀರಾಕ್ದೆ ಮಿಕ್ಸಿ ತಿರುಗಾಕಿಲ್ಲ. ನೀರಾಕಿದ್ರೆ ಉಂಡೆ ನಿಲ್ಲಾಕಿಲ್ಲ," ಎಂದಿದ್ದಳು ಕಹಕಶಾನ್.

"ಓನರ್ ನಾನೋ ನೀನೋ?"

ಕಹಕಶಾನ್ ಒನಕೆ ಕೆಳಗಿಟ್ಟಳು. ಕುಟ್ಟಿ ಕುಟ್ಟಿ ಅವಳ ತೋಳು ಸೋತಿತ್ತು. ಸಂತೆಗೆಂದು ರಂಜಿತ ತೊಳೆದಿಟ್ಟಿದ್ದ ಕೆಂಪು ಪ್ಲಾಸ್ಟಿಕ್ ಚೇರಿನ ಮೇಲೆ ಕೂರಲು ಹೋದಳು.

"ಅದ್ರ ಮ್ಯಾಲೆ ಕೂರ್ಬ್ಯಾಡ. ಅದು ಓನರ್ ಚೇರು."

ಕಹಕಶಾನ್ ಕೈ ತೊಳೆದುಕೊಂಡಳು, ಚಪ್ಪಲಿ ಮೆಟ್ಟಿದಳು, ಮನೆಗೆ ಹೋದಳು. ರಂಜಿತ ಒಬ್ಬಳೇ ಮಿಕ್ಸಿಗೆ ಹಾಕಿದಳು. ಅದರ ಫಲವೇ ಈಗ ಸ್ಕೂಟರ್ ಸೀಟಿನ ಮೇಲೆ ಅಂಟಿಕೊಂಡಿತ್ತು.

ಶಾಲೆಯ ಗೇಟಿನ ಹತ್ತಿರ ರಂಜಿತಳ ಸಪ್ಪೆ ಮುಖ ನೋಡಿ ಚಿಕ್ಕಮ್ಮ ನಕ್ಕರು. "ಮೊದ್ಲ ವರ್ಸ ನನ್ ಬೆಲ್ಲದ ಪುಡಿ ಪ್ಯಾಕೆಟ್ಟಲ್ಲೇ ಕಲ್ಲಾಗಿತ್ತು. ಮಳೆಗಾಲದಲ್ಲಿ ಪ್ಯಾಕ್ ಮಾಡ್ಬುಟ್ಟಿದ್ದೆ. ಬಾಗ್ಲಾಕ್ಕಂಡು ಅತ್ತಿದ್ದೆ."

"ಆಮ್ಯಾಕೆ?"

"ಟೀ ಅಂಗ್ಡಿ ದ್ಯಾವಮ್ಮ ಬಂದು, ಅಳೋದ್ ಬುಟ್ಟು ಅದುನ್ನ ಒಡ್ದು ತುಂಡು ಮಾಡ್ಕೊಡವ್ವ, ಟೀಗೆ ಆಕ್ತೀನಿ ಅಂದ್ಳು. ಈಗ್ಲೂ ನಮ್ಮಲ್ಲಿ ಪುಡಿಗಿಂತ ತುಂಡೇ ಜಾಸ್ತಿ ಓಗೋದು. ಅದಿರ್ಲಿ, ಕಹಕಶಾನ್ ಎಲ್ಲಿ?"

"ಬತ್ತಾಳೆ," ಎಂದು ಸ್ಕೂಟರಿನಿಂದ ಕೆಂಪು ಚೇರು, ಚಿಗಳಿಯ ಡಬ್ಬಿ ಇಳಿಸಿಕೊಂಡು ರಂಜಿತ ಒಳಗೆ ಓಡಿದಳು.

ಕಹಕಶಾನ್ ಬಂದಿದ್ದಳು, ಆದರೆ ಪಕ್ಕದ ಮೇಜಿಗೆ. ಅವಳ ಅಬ್ಬಾ ಮುಖ್ತಾರ್ ಅಹಮದ್ ಗೂಡ್ಸ್ ಆಟೋದಲ್ಲಿ ಮಾರ್ಕೆಟ್ಟಿಗೆ ಹಣ್ಣು ಸಾಗಿಸುತ್ತಾರೆ. ಅವರು ಇಳಿಸಿ ಹೋದ ಒಂದು ಬಿದಿರಿನ ಮಂಕರಿ ತುಂಬ ಸೀಬೆಕಾಯಿ ಇಟ್ಟುಕೊಂಡು ಅವಳು ನಿಂತಿದ್ದಳು. ರಂಜಿತ ಕೆಂಪು ಚೇರಿನಲ್ಲಿ ನೆಟ್ಟಗೆ ಕೂತಳು. ಅವಳು ಇವಳನ್ನು ನೋಡಲಿಲ್ಲ, ಇವಳು ಅವಳನ್ನು ನೋಡಲಿಲ್ಲ. ಪಕ್ಕದಲ್ಲೇ ಇದ್ದವರನ್ನು ನೋಡದೆ ಇರುವುದು ಬಹಳ ಕಷ್ಟದ ಕೆಲಸ.

ಸಂತೆ ಶುರುವಾಯಿತು. ಏಳನೇ ಕ್ಲಾಸಿನ ಹುಡುಗನೊಬ್ಬ ಚಿಗಳಿ ತೆಗೆದುಕೊಂಡ. ಅದು ಬಾಯಿಗೆ ಹೋಗುವ ಮೊದಲೇ ನೆಲಕ್ಕೆ ಬಿತ್ತು. "ಇದ್ಕೆ ಕಡ್ಡಿ ಬ್ಯಾಡ, ಸ್ಪೂನ್ ಕೊಡು," ಎಂದು ಅವನು ನಕ್ಕ, ಅವನ ಜೊತೆಯವರೂ ನಕ್ಕರು. ಆಮೇಲೆ ಬಂದವರು ಡಬ್ಬಿಯೊಳಗೆ ಇಣುಕಿ ಮುಂದೆ ಹೋದರು. ರಂಜಿತಳಿಗೆ ತನ್ನ ಕಂಪನಿ ಇವತ್ತೇ ಮುಚ್ಚಿಹೋಗುತ್ತದೆ ಎನ್ನಿಸಿತು.

ಆ ಕಡೆ ಸೀಬೆಕಾಯಿಯೂ ಹೋಗುತ್ತಿರಲಿಲ್ಲ. ಕಾಯಿ ಗಟ್ಟಿಯಾಗಿತ್ತು. ಮಕ್ಕಳು ಒತ್ತಿ ನೋಡಿ ವಾಪಸ್ ಇಡುತ್ತಿದ್ದರು.

ಅಷ್ಟರಲ್ಲಿ ಒಂದನೇ ಕ್ಲಾಸಿನ ಚಿನ್ನು ಬಂದ. ಕಹಕಶಾನ್ ಹತ್ತಿರ ಒಂದು ಸೀಬೆಕಾಯಿ ಕೊಂಡ, ರಂಜಿತಳ ಹತ್ತಿರ ಒಂದು ಚಿಗಳಿ ಕೊಂಡ. ಚಿಗಳಿ ಅವನ ಅಂಗೈ ಮೇಲೆ ಇಳಿಯಿತು. ಚಿನ್ನು ಅಳಲಿಲ್ಲ. ಸೀಬೆಕಾಯಿಯನ್ನು ಒಂದು ಸಲ ಕಚ್ಚಿದ, ಕಚ್ಚಿದ ಜಾಗವನ್ನು ಅಂಗೈಯಲ್ಲಿದ್ದ ಚಿಗಳಿಗೆ ಉಜ್ಜಿ ಇನ್ನೊಂದು ಸಲ ಕಚ್ಚಿದ. ಅವನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಅಕ್ಕ, ಇನ್ನೊಸಿ ಆಕು," ಎಂದು ಸೀಬೆಕಾಯಿ ಮುಂದೆ ಚಾಚಿದ.

ರಂಜಿತ ತಿರುಗಿ ನೋಡಿದಳು. ಕಹಕಶಾನ್ ಕೂಡ ಅವನನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಸೇರಿದವು.

ಈಗ ಯಾರಾದರೊಬ್ಬರು ಮಾತಾಡಬೇಕಿತ್ತು. ದಿನವಿಡೀ ಪಟಪಟ ಎನ್ನುವ ರಂಜಿತ ಮೆಲ್ಲಗೆ ಚೇರಿನಿಂದ ಎದ್ದು ಪಕ್ಕದ ಮೇಜಿನ ಹತ್ತಿರ ಹೋದಳು.

"ಮಿಕ್ಸಿ ಇಚಾರ ನೀನ್ ಏಳಿದ್ದೇ ಸರಿ," ಎಂದಳು.

"ಗೊತ್ತು," ಎಂದಳು ಕಹಕಶಾನ್. ಡಬ್ಬಿಗೆ ಬೆರಳದ್ದಿ ನೆಕ್ಕಿದಳು. "ಸೀಬೆಗಾದ್ರೆ ಉಪ್ಪು ಸಾಲ್ದು. ಬಿಸಿಯೂಟದ ಅಡುಗೆಮನೇಲಿ ಈಸ್ಕೊಂಡ್ ಬಾ. ಅಂಗೆ ಒಂದು ಚಾಕು, ಒಂದು ಸ್ಪೂನು."

ಓನರ್ ಓಡಿದಳು.

ಎರಡು ಮೇಜು ಒಂದಾದವು. ಕಹಕಶಾನ್ ಕಾಯಿಯನ್ನು ನಾಲ್ಕು ಸೀಳು ಮಾಡಿ ಹೂವಿನಂತೆ ಬಿಡಿಸುವುದು, ರಂಜಿತ ನಡುವೆ ಚಿಗಳಿ ಸುರಿಯುವುದು. "ಚಿಗಳಿ ಸೀಬೆ, ಚಿಗಳಿ ಸೀಬೆ," ಎಂದು ರಂಜಿತ ಕೂಗಿದ ಕೂಗಿಗೆ ಮೈದಾನವೇ ತಿರುಗಿ ನೋಡಿತು. ಸ್ಪೂನ್ ಕೇಳಿದ್ದ ಹುಡುಗನೂ ಸಾಲಿನಲ್ಲಿ ನಿಂತ. ಮೇಜಿನ ಮೇಲೆ ಜಾಗ ಸಾಲದೆ ಮಂಕರಿಯನ್ನು ಕೆಂಪು ಚೇರಿನ ಮೇಲೆ ಇಟ್ಟರು. ಹೆಡ್‌ಮಾಸ್ಟರ್ ಚಿಕ್ಕಸ್ವಾಮಿ ಸರ್ ಒಂದು ತಿಂದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ, ಇನ್ನೊಂದು ಕೇಳಿದರು.

ಮಧ್ಯಾಹ್ನದ ಬೆಲ್ಲಿಗೆ ಮಂಕರಿ ಖಾಲಿ. ರಂಜಿತ ಅದನ್ನು ಕೆಳಗಿಳಿಸಿದಳು. ಕೆಂಪು ಚೇರು ಬರಿದಾಯಿತು. ಇಬ್ಬರಿಗೂ ಕಾಲು ನೋಯುತ್ತಿತ್ತು.

"ಕೂತ್ಕೊ," ಎಂದಳು ರಂಜಿತ.

"ಬ್ಯಾಡ. ಅದು ಓನರ್ ಚೇರು," ಎಂದಳು ಕಹಕಶಾನ್.

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಚಾಕು ಒರೆಸುತ್ತಾ ಸುಮ್ಮನೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ರಂಜಿತ ಕ್ಲಾಸಿಗೆ ಓಡಿದಳು. ಮೂಲೆಯಲ್ಲಿದ್ದ ಹಳೆಯ ಮರದ ಚೇರನ್ನು ತಲೆಯ ಮೇಲೆ ಹೊತ್ತು ಏದುಸಿರು ಬಿಡುತ್ತಾ ಬಂದಳು. ಕೆಂಪು ಚೇರಿನ ಪಕ್ಕಕ್ಕೆ, ಒತ್ತಿಕೊಂಡಂತೆ ಇಟ್ಟಳು.

ಕಹಕಶಾನ್ ಎರಡನ್ನೂ ನೋಡಿದಳು, ಕೆಂಪು ಚೇರಿನಲ್ಲಿ ಕೂತಳು.

ರಂಜಿತ ಮರದ ಚೇರಿನಲ್ಲಿ ಕೂತಳು. ಅದರ ಒಂದು ಕಾಲು ಗಿಡ್ಡ. ನಕ್ಕಾಗಲೆಲ್ಲ ಲಟಕ್ ಎಂದು ವಾಲುತ್ತಿತ್ತು. ಅವತ್ತು ಅದು ತುಂಬಾ ಸಲ ವಾಲಿತು.