ಎಂಟನೇ ಕ್ಲಾಸಿನವರ ಕುರ್ಚಿಗಳು

"ಈ ಕುರ್ಚಿ ಮಾಡಿದ್ದು ಅಮೆರಿಕದ ಆಮಿಶ್ ಪಂಥದ ಹುಡುಗರು, ಮೇಡಂ. ಎಂಟನೇ ಕ್ಲಾಸಿಗೇ ಶಾಲೆ ಮುಗಿಸಿ ಅಪ್ಪನ ಜೊತೆ ಕೆಲಸಕ್ಕೆ ಇಳಿಯುತ್ತಾರೆ. ಅದು ಅವರ ಸಂಪ್ರದಾಯ!"

ಹೊಸ ಸೇಲ್ಸ್‌ಮನ್ ರಿಝ್ವಾನ್ ಪಟಪಟ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

"ಎಷ್ಟು ಚಂದ!" ಎಂದಳು ಗಿರಾಕಿ.

ಕುರ್ಚಿ ಒರೆಸುತ್ತಿದ್ದ ಸಫೀನಾಳ ಕೈ ನಿಂತಿತು. ಗಿರಾಕಿ ಹೋದದ್ದೇ ತಡ, ಬಟ್ಟೆ ಬಿಸಾಡಿದಳು.

"ಚಂದವಂತೆ! ಒಂಬತ್ತನೇದು ಓದ್ತೀಯಾ ಅಂತ ಆ ಹುಡುಗರನ್ನು ಯಾರಾದ್ರೂ ಕೇಳಿದ್ರಾ ಮಾರಾಯ್ರೆ? ನನ್ನನ್ನೂ ಕೇಳಲಿಲ್ಲ. ಎಂಟು ಮುಗಿದ ಮರುದಿನವೇ ಮಡಿಲಿಗೆ ಬೀಡಿ ಎಲೆ ಹಾಕಿದ್ರು. ಅವರದ್ದಾದ್ರೆ ಸಂಪ್ರದಾಯ, ನಮ್ಮದಾದ್ರೆ ಹಣೆಬರಹ. ಅಲ್ವಾ?"

ರಿಝ್ವಾನ್ ತಲೆ ತಗ್ಗಿಸಿದ.

ಗಲ್ಫಿನ ರಾಸ್ ಅಲ್ ಖೋರ್‌ನ ಆ ಶೋರೂಮಿನ ಹಿಂದಿನ ಗೋದಾಮಿನಲ್ಲಿ ಇನ್ನೂರು ಕುರ್ಚಿಗಳಿದ್ದವು. ಕೆಲಸದವರು ಕೂರುವಂತಿರಲಿಲ್ಲ. ಉಳ್ಳಾಲದ ಸಫೀನಾ ನೆಲದ ಮೇಲೆ ರಟ್ಟು ಹಾಸಿ, ಒಬ್ಬಳೇ ಉಣ್ಣುತ್ತಿದ್ದಳು. ಎರಡು ವರ್ಷದಿಂದ.

ಮರುದಿನ ಅವನೂ ಬುತ್ತಿ ಹಿಡಿದು ಬಂದು, ರಟ್ಟಿನ ತುದಿಯಲ್ಲಿ ಕೂತ.

"ಇಸ್ತ್ರಿ ಅಂಗಿ ಹಾಳಾಗ್ತದೆ."

"ಆಗ್ಲಿ. ನಿಮ್ಮ ಮೀನುಸಾರು ಸ್ವಲ್ಪ ಉಂಟಾ?"

ಹೀಗೆ ತಿಂಗಳು ಕಳೆಯಿತು. ಮಧ್ಯಾಹ್ನವಾದರೆ ಅವಳ ಕಣ್ಣು ಬಾಗಿಲ ಕಡೆಗೇ ಓಡುತ್ತಿತ್ತು...

ಒಂದು ದಿನ ಅವನು ಲಕೋಟೆಯೊಂದನ್ನು ಮುಂದಿಟ್ಟ. ಅರ್ಧ ಹೊರಗೆಳೆದು ನೋಡಿದಳು. ಶಾಲೆಗೆ ಹೋಗದೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟುವ ಅರ್ಜಿ!

ಊರಲ್ಲಿ ಅವಳನ್ನು ನೋಡಲು ಬಂದ ಗಂಡು "ಎಂಟೇ ಕ್ಲಾಸಾ?" ಎಂದು ಎದ್ದುಹೋಗಿದ್ದ. ಇವನೂ ಅಷ್ಟೇನಾ?

"ನನ್ನನ್ನು ತಿದ್ದಿ ನಿಮ್ಮ ಸಮಕ್ಕೆ ತರ್ಲಿಕ್ಕುಂಟಾ? ಡಿಗ್ರಿಯವರ ಕರುಣೆ ನನಗೆ ಬೇಡ. ಖಲಾಸ್!"

ಅವನು ಲಕೋಟೆ ಎತ್ತಿ ಜೇಬಿಗಿಟ್ಟುಕೊಂಡ. ಅವಳು ಎದ್ದುಹೋದಳು.

ಆಮೇಲೆ ಅವನು ಊಟಕ್ಕೆ ಬರಲಿಲ್ಲ. ಇನ್ನೂರು ಖಾಲಿ ಕುರ್ಚಿಗಳು ಅವಳನ್ನೇ ನೋಡುತ್ತಿದ್ದವು.

ಐದನೇ ದಿನ ರಟ್ಟು ಎತ್ತಿದಾಗ ಅಡಿಯಲ್ಲಿ ಅವನು ಇಟ್ಟುಹೋದ ಅದೇ ಲಕೋಟೆ ಕಂಡಿತು. ಒಳಗಿದ್ದದ್ದು ಒಂದಲ್ಲ, ಎರಡು ಅರ್ಜಿ! ಒಂದು ಖಾಲಿ. ಇನ್ನೊಂದನ್ನು ತುಂಬಿಸಿ ಆಗಿತ್ತು.

ಹೆಸರು: ರಿಝ್ವಾನ್. ಕೊನೆಗೆ ಓದಿದ ತರಗತಿ: ಎಂಟು.

ಅಯ್ಯೋ... ಏನು ಮಾಡಿಬಿಟ್ಟೆ! ಅವಳು ಶೋರೂಮಿಗೆ ಓಡಿದಳು.

"ಮತ್ತೆ ನಿಮ್ಮ ಆ ಇಂಗ್ಲಿಷು?"

"ಗಿರಾಕಿಗಳ ಬಾಯಿಂದ ಹೆಕ್ಕಿದ್ದು. ಎಂಟಾದ ಕೂಡಲೇ ನನ್ನನ್ನು ಅಪ್ಪನ ಗ್ಯಾರೇಜಿಗೆ ಹಾಕಿದ್ರು. ಇಲ್ಲಿ ಯಾರಿಗೂ ಹೇಳಿಲ್ಲ... ನಾಚಿಕೆ."

"ಆ ದಿನ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು?"

"ಡಿಗ್ರಿಯವ ಅಂತ ಬೈದ್ರಲ್ಲ... ಸ್ವಲ್ಪ ಖುಷಿಯೂ ಆಯ್ತು!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಸಫೀನಾ, ಪರೀಕ್ಷೆಗೆ ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ. ನೀವು ಜೊತೆಗೆ ಬೇಕು. ಪರೀಕ್ಷೆ ಮುಗಿದ ಮೇಲೂ... ಯಾವತ್ತೂ."

ಅವಳು ಅವನ ಜೇಬಿನ ಪೆನ್ನು ಕಿತ್ತುಕೊಂಡು ಖಾಲಿ ಅರ್ಜಿಯಲ್ಲಿ ತನ್ನ ಹೆಸರು ಬರೆದಳು. ಕೆಳಗೆ 'ಎಂಟು' ಎಂದು ದಪ್ಪಕ್ಷರದಲ್ಲಿ ತುಂಬಿಸಿದಳು.

"ಲೆಕ್ಕ ಬರ್ತದಾ ನಿಮಗೆ?"

"ಇಲ್ಲ."

"ನನಗೆ ಬರ್ತದೆ. ನಾಳೆ ಊಟಕ್ಕೆ ಬನ್ನಿ... ದೊಡ್ಡ ರಟ್ಟು ಹಾಸ್ತೇನೆ."