ಬಾಗಿಲು ದಾಟದ ಫ್ರಿಜ್‌ಗಳು

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರು ಅರ್ಧ ಪುಟದ್ದು, ಕಳವು ಮಾತ್ರ ಭಾರಿ. ಷೇರು ಪೇಟೆಯಲ್ಲಿ ಹೆಸರು ಮಾಡಿದ ಫ್ರಿಜ್ ಕಂಪನಿಯ ಬಾಡಿಗೆ ಗೋದಾಮಿನಿಂದ ಮುನ್ನೂರು ಫ್ರಿಜ್‌ಗಳು ರಾತ್ರೋರಾತ್ರಿ ಮಾಯವಾಗಿದ್ದವು. ದೂರುದಾರರು ಕಂಪನಿಯ ಹಣಕಾಸು ಮುಖ್ಯಸ್ಥರು. ಕಳ್ಳಕೀಲಿ ಮಾಡಿಸಿದವನು ಕಾವಲುಗಾರನೇ ಎಂದು ಅವರ ಅನುಮಾನ. ಎಫ್‌ಐಆರ್ ದಾಖಲಾಯಿತು, ಕಾವಲುಗಾರ ಠಾಣೆಯ ಬೆಂಚಿಗೆ ಬಂದ.

"ರಾತ್ರಿ ಲಾರಿ ಬಂದಿತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಲಾರಿ ಇರ್ಲಿ, ಒಂದು ಬೆಕ್ಕೂ ಬರ್ಲಿಲ್ಲ ಸಾರ್."

"ಒಳಗೆ ಫ್ರಿಜ್ ನೋಡಿದ್ಯಾ?"

"ಕೀಲಿ ಹಣಕಾಸಿನ ಸಾಹೇಬ್ರ ಹತ್ರಾನೇ ಇರೋದು. ಸಾರ್, ಕಳ್ಳ ಅನ್ನಿಸ್ಕೊಂಡು ಮಗಳ ಮುಂದೆ ಹೇಗೆ ನಿಲ್ಲಲಿ?"

ಮಧ್ಯಾಹ್ನ ಪಂಚನಾಮೆ. ಗೋದಾಮು ಎಂದರೆ ಹಿಂದೆ ಟೈಪಿಂಗ್ ಶಾಲೆ ನಡೆಯುತ್ತಿದ್ದ ಉದ್ದನೆಯ ಹಾಲ್. ಕಿಟಕಿಗಳಿಗೆ ಕಂಬಿ, ಇದ್ದದ್ದು ಒಂದೇ ಬಾಗಿಲು, ಅದೂ ಇಕ್ಕಟ್ಟು. ಅದನ್ನು ನೋಡುತ್ತಲೇ ಇನ್‌ಸ್ಪೆಕ್ಟರರ ಮೊಣಕೈ ಚುರುಕ್ ಎಂದಿತು. ಹೋದ ವಾರ ಮನೆ ಬದಲಿಸುವಾಗ ಫ್ರಿಜ್ ಅಡುಗೆಮನೆ ಬಾಗಿಲಲ್ಲಿ ಸಿಕ್ಕಿಕೊಂಡು ಆದ ಗಾಯ ಅದು. "ಮೊದಲು ಅಳತೆ ತಗೊಳ್ರೀ ಅಂತ ಬಡ್ಕೊಂಡೆ!" ಎಂದು ಹೆಂಡತಿ ಬೆಂಡೆತ್ತಿದ್ದಳು.

ಕಾರ್ಖಾನೆಯಿಂದ ಅದೇ ಮಾದರಿಯ ಒಂದು ಫ್ರಿಜ್ ತರಿಸಿದರು. ನಿಲ್ಲಿಸಿ ನೂಕಿದರು, ಮಲಗಿಸಿ ನೂಕಿದರು, ಪ್ಯಾಕಿಂಗ್ ಬಿಚ್ಚಿ ನೂಕಿದರು.

"ಬೆಣ್ಣೆ ಹಚ್ಚಿದ್ರೂ ಹೋಗಲ್ಲ ಸಾರ್," ಕಾನ್‌ಸ್ಟೇಬಲ್ ಬೆವರೊರೆಸಿಕೊಂಡ.

"ಒಳಗೇ ಹೋಗದ್ದು ಹೊರಗೆ ಹೇಗಪ್ಪಾ ಬಂತು?"

ಪಂಚರು ನಗು ತಡೆದುಕೊಂಡು ಸಹಿ ಹಾಕಿದರು.

ಸಂಜೆ ಆರಕ್ಕೆ ಮುಖ್ಯಸ್ಥರನ್ನು ಕರೆಸಿದರು. ಅವರು ಒಳಗೆ ಕಾಲಿಡುತ್ತಲೇ, ದೂರು ಕೊಟ್ಟವರು ಯಾರೆಂದು ತಿಳಿಯದ ಕಾವಲುಗಾರ ಎದ್ದು ಕೈಮುಗಿದ.

"ನಂಗೊತ್ತಿತ್ತು ಸಾರ್, ನನ್ನ ಬಿಡ್ಸೋಕೆ ನೀವು ಬಂದೇ ಬರ್ತೀರಾ ಅಂತ. ಅವತ್ತು ಕೆಲಸ ಕೊಟ್ರಿ, ಇವತ್ತು ಮಾನ ಉಳಿಸಿದ್ರಿ."

ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರ್ ಒಳಕೋಣೆಗೆ ಕರೆದೊಯ್ದು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಫ್ರಿಜ್ ಎಲ್ಲಿ?"

"ಇರಲೇ ಇಲ್ಲ."

ಮಾರಾಟ ಬಿದ್ದು ಕಂಪನಿ ನಷ್ಟಕ್ಕಿಳಿದಿತ್ತು. ತಯಾರಾಗದ ಫ್ರಿಜ್‌ಗಳು ದಾಸ್ತಾನಿನಲ್ಲಿವೆಯೆಂದು ತೋರಿಸಿದಾಗ ಖರ್ಚಿನ ಒಂದು ಪಾಲು ಮಾರದೆ ಉಳಿದ ಸರಕಿನ ಲೆಕ್ಕಕ್ಕೆ ಹೋಗಿ, ನಷ್ಟವೇ ಲಾಭದ ವೇಷ ಹಾಕಿತು. ಅದನ್ನು ನಂಬಿ ಜನ ಷೇರು ಕೊಂಡರು. ಈಗ ಹೊಸ ಲೆಕ್ಕಪರಿಶೋಧಕರು ದಾಸ್ತಾನನ್ನು ಕಣ್ಣಾರೆ ನೋಡಬೇಕೆಂದು ಪಟ್ಟು ಹಿಡಿದಿದ್ದರಿಂದ ಇಲ್ಲದ ಫ್ರಿಜ್‌ಗಳು ಕಳುವಾಗಲೇಬೇಕಿತ್ತು. ಗೋದಾಮಿನ ವಿಸ್ತೀರ್ಣ ನೋಡಿ ಬಾಡಿಗೆ ಹಿಡಿದ ಮಹಾನುಭಾವರು ಬಾಗಿಲು ನೋಡಿರಲಿಲ್ಲ.

"ಯಾಕೆ ಮಾಡಿದ್ರಿ?"

"ನನ್ನನ್ನ ಓದಿಸಿದ್ದು ಕಂಪನಿಯ ಯಜಮಾನರು. ಈಗ ಆಸ್ಪತ್ರೇಲಿದ್ದಾರೆ. ನೋಡೋಕೆ ಹೋದಾಗೆಲ್ಲ, 'ಈ ಸಲ ಲಾಭ ಹೇಗಪ್ಪಾ?' ಅಂತಾರೆ. ನಷ್ಟ ಅನ್ನೋಕೆ ಬಾಯೇ ಬರ್ಲಿಲ್ಲ."

"ಆ ಋಣ ತೀರಿಸೋಕೆ ಆ ಕಾವಲುಗಾರನನ್ನ ಅಡ ಇಟ್ರಾ?"

ಏಳೂವರೆಗೆ ಬಂಧನ ದಾಖಲಾಯಿತು.

ಇನ್‌ಸ್ಪೆಕ್ಟರ್ ಹೆಂಡತಿಗೆ ಫೋನ್ ಮಾಡಿದರು. "ನೀನು ಬೈದಿದ್ದಕ್ಕೆ ಥ್ಯಾಂಕ್ಸ್ ಕಣೇ. ಒಬ್ಬನ ಮಾನ ಉಳೀತು."

ಹೊರಗೆ ಬಂದರೆ, ಬಿಡುಗಡೆಯಾದ ಕಾವಲುಗಾರ ಇನ್ನೂ ಗೇಟಿನ ಬಳಿಯೇ ನಿಂತಿದ್ದ, ತನ್ನ ಸಾಹೇಬರಿಗೆ ಹೇಳಿಯೇ ಹೋಗಬೇಕೆಂದು. ಇನ್‌ಸ್ಪೆಕ್ಟರ್ ಮುಚ್ಚುಮರೆಯಿಲ್ಲದೆ ಎಲ್ಲ ತಿಳಿಸಿದರು.

"ಆರು ವರ್ಷ ನನ್ನ ಮನೆ ಒಲೆ ಉರಿದಿದ್ದು ಅವರಿಂದ ಸಾರ್," ಎಂದ ಅವನು. "ಅವರದು ಊಟ ಆಯ್ತಾ?"

ಇನ್‌ಸ್ಪೆಕ್ಟರ್ ಊಟ ತರಲು ಕಾನ್‌ಸ್ಟೇಬಲ್‌ನನ್ನು ಕಳಿಸಿದರು.